ಐದೆಳೆಗೆ ಮೂರು

ಗುಳೇದಗುಡ್ಡದ ಮಾರ್ಚ್ ಅಂದರೆ
ಬಂಡೆಗಳು ಹಗಲುಂಡ ಬಿಸಿಲನ್ನು
ರಾತ್ರಿ ಹತ್ತರವರೆಗೂ ಕಾರುವ ತಿಂಗಳು.
ನಾಳೆ ರಾಜ್ಯಶಾಸ್ತ್ರದ ಇಂಟರ್ನಲ್.
ಅವ್ವ ರಾಟಿ ಮುಂದೆ ಕಂಡಿಕೆ ಸುತ್ತುತ್ತಾಳೆ,
ನಾನು ಕುಣಿಮಗ್ಗದೊಳಗೆ ಕಾಲು ಇಳಿಬಿಟ್ಟು
ಗಟ್ಟಿಯಾಗಿ ಓದುತ್ತೇನೆ. ಮನಸ್ಸಿನಲ್ಲೇ ಓದಿದರೆ
ಇಬ್ಬರಿಗೂ ನಿದ್ದೆ.

ಫಿಲಡೆಲ್ಫಿಯಾ ಎಂಬ ಊರು.
ಸಾವಿರದ ಏಳುನೂರ ಎಂಬತ್ತೇಳರ ಬೇಸಿಗೆ.
ಒಳಗಿನ ಮಾತು ಹೊರಗೆ ಬೀಳಬಾರದೆಂದು
ಸಭೆಯ ಕಿಟಕಿಗಳನ್ನು ಮುಚ್ಚಲಾಗಿತ್ತು.

"ಬ್ಯಾಸಗ್ಯಾಗ? ಕಿಟಕಿ ಮುಚ್ಚಿ?
ಗಾಳಿಗೆ ಎಳಿ ಹರೀತಿದ್ವೇನ ಅವರವು?"

ರಾಟಿ ನಿಲ್ಲಲಿಲ್ಲ, ನಾನೂ ನಿಲ್ಲಲಿಲ್ಲ.
ದೊರೆಯ ಅಧಿಕಾರ ದೇವರು ಕೊಟ್ಟದ್ದಲ್ಲ,
ಆಳಿಸಿಕೊಳ್ಳುವವರು ಒಪ್ಪಿ ಕೊಟ್ಟ ಕಡ,
ಎಂದನಂತೆ ಇಂಗ್ಲೆಂಡಿನವನೊಬ್ಬ.
ಒಂದೇ ಕೈಯಲ್ಲಿಟ್ಟರೆ ಅದು ಕೊಳೆಯುತ್ತದೆ,
ಮೂರು ಪಾಲು ಮಾಡಿ, ಎಂದನಂತೆ ಫ್ರಾನ್ಸಿನವನೊಬ್ಬ:
ಕಾನೂನು ಬರೆಯುವವರು, ನಡೆಸುವವರು, ತೂಗುವವರು.

ಇಲ್ಲಿ ಅವ್ವ ನಕ್ಕಳು.
ನಮ್ಮ ನೇಕಾರರ ಸೊಸೈಟಿಯ ತಿಜೋರಿಗೂ ಮೂರು ಕೀಲಿ.
ಅಧ್ಯಕ್ಷ ಹುಚ್ಚೇಶಪ್ಪನದೊಂದು, ಕಾರ್ಯದರ್ಶಿಯದೊಂದು,
ಇನ್ನೊಂದು ಶೇಬಿನಕಟ್ಟಿ ಸಾವುಕಾರರದು.
ಮೂವರೂ ಕೂಡದೆ ಬಾಗಿಲು ತೆರೆಯಬಾರದೆಂದು
ಬೈಲಾ ಐತಿ, ಗೋಡೆಗೆ ಕಟ್ಟು ಹಾಕಿಸಿ ತೂಗುಬಿಟ್ಟಾರೆ.
ನೂಲಿನ ಬೆಲೆ ಏರಿದ ವರ್ಷ ಅವ್ವ ಕಣ್ಣಾರೆ ಕಂಡಿದ್ದಳು,
ಹುಚ್ಚೇಶಪ್ಪ ಹೊಂಡದಲ್ಲಿ ಜಳಕ ಮಾಡಿ ಎದ್ದಾಗ
ಮೂರೂ ಕೀಲಿ ಅವನ ಸೊಂಟಕ್ಕೇ.

"ಕೀಲಿ ಮೂರು ಮಾಡ್ಸೂದು ಸಸಾರ ಬಿಡ.
ಉಡದಾರ ಮೂರು ಬೇಕಲ್ಲ."

ಇದನ್ನು ನೋಟ್ಸಿನ ಅಂಚಿನಲ್ಲಿ ಬರೆದುಕೊಂಡೆ.

ಆ ಬರಹ ಶುರುವಾಗುವುದೇ
'ನಾವು' ಎಂಬ ಶಬ್ದದಿಂದ, ಅಂದೆ.
ನಮ್ಮ ದೇಶದ ಪುಸ್ತಕದ ಮೊದಲ ಹಾಳೆಯಲ್ಲೂ
ಅದೇ ಶಬ್ದ ಐತಿ ನೋಡವ್ವ.
"ನಾವು ಅಂದ್ರ? ಯಾರ್ಯಾರು?"
ಮುಚ್ಚಿದ ಕಿಟಕಿಯೊಳಗೆ ಕೂತವರು ಐವತ್ತೈದು ಮಂದಿ.
ಎಲ್ಲ ಗಂಡಸರು. ಬಹಳಷ್ಟು ಜನ ಹೊಲ ಇದ್ದವರು,
ಕೆಲವರು ಆಳುಗಳನ್ನು ದನದಂತೆ ಕೊಂಡವರು.
ಆ ಆಳುಗಳನ್ನು ಐವರಿಗೆ ಮೂವರಂತೆ
ಲೆಕ್ಕ ಹಿಡಿಯತಕ್ಕದ್ದು, ಎಂದು ಬರೆದರು.
(ಕೊಟಗಿ ಸರ್ ಇದಕ್ಕೆ ಕೆಂಪು ಗೆರೆ ಹಾಕಿಸಿದ್ದರು,
ಹೋದ ವರ್ಷ ಬಂದ ಪ್ರಶ್ನೆ.)

ರಾಟಿ ನಿಂತಿತು.

"ಐದು ಮಂದಿಗೆ ಮೂರು?
ಮತ್ತ ಆ ಇಬ್ಬರು?"

ಪುಸ್ತಕದಲ್ಲಿ ಅದು ಇರಲಿಲ್ಲ.

"ಐದೆಳಿ ಹಾಸಿ ಮೂರಂತ ಎಣಿಸಿದ್ರ
ಖಣಾ ಹೆಂಗ ಆಕ್ಕೈತಿ? ಆನಿ ಹೆಜ್ಜಿ ಮೂಡ್ತೈತೇನ?
ಸೂರ್ಯನಾರಾಯಣ ಮೂಡ್ತಾನೇನ?"

ಅಪ್ಪ ಹೊರಗೆ ಕಟ್ಟೆಯ ಮೇಲೆ ಮಲಗಿದ್ದವನು
ಮಗ್ಗುಲು ಬದಲಿಸಿದ ಸದ್ದು.
ಸೊಸೈಟಿಯಲ್ಲಿ ಮಗ್ಗಕ್ಕೊಬ್ಬನೇ ಸದಸ್ಯ.
ನಮ್ಮ ಮಗ್ಗಕ್ಕೆ ಅಪ್ಪನ ಹೆಸರು, ಅಪ್ಪನ ಪಾಸ್‌ಬುಕ್ಕು.
ಇಪ್ಪತ್ತೆರಡು ವರ್ಷ ಅವ್ವ ಸುತ್ತಿದ ಕಂಡಿಕೆ
ಯಾವ ಕಾಲಮ್ಮಿನಲ್ಲಿ ಬರುತ್ತದೆಂದು
ಗುಮಾಸ್ತನಿಗೂ ಗೊತ್ತಿಲ್ಲ.

ನಾನು ಪರೀಕ್ಷೆಯಲ್ಲಿ ಉಡದಾರ ಬರೆದೆ, ಎಳೆಯ ಲೆಕ್ಕ ಬರೆದೆ.
ಕೊಟಗಿ ಸರ್ ಅಂಚಿನಲ್ಲಿ 'ವಿಷಯಾಂತರ' ಎಂದು ಗೀಚಿ
ಹತ್ತಕ್ಕೆ ಆರು ಕೊಟ್ಟರು.

ಅವ್ವ ಸೋಮವಾರ ಸೊಸೈಟಿಗೆ ಹೋದಳು,
ಷೇರಿನ ನೂರು ರೂಪಾಯಿ ಸೆರಗಿನ ಗಂಟಿನಲ್ಲಿ.
ನನ್ನೂ ಎಣಿಸ್ರಿ, ಅಂದಳಂತೆ, ಅಷ್ಟೇ.
ನೂರು ತಗೊಂಡರು. ಪಾವತಿ ಕೊಟ್ಟರು.
ಪಾವತಿಯಲ್ಲಿ ಅಪ್ಪನ ಹೆಸರು.

ಅದನ್ನು ಮಡಚಿ ಅಣಿಯ ಕೋಲಿಗೆ ಸಿಕ್ಕಿಸಿ
ಮತ್ತೆ ರಾಟಿ ಮುಂದೆ ಕೂತಳು.
ಒಂದೆಳೆ ಹರಿದಿತ್ತು. ಉಗುಳು ಹಚ್ಚಿ, ಹೊಸೆದು, ಗಂಟು ಹಾಕಿದಳು.
ಬಟ್ಟೆಯ ಒಳಮೈಗೆ ಬೆರಳಾಡಿಸಿದರೆ
ಇಂಥ ಗಂಟು ಎಷ್ಟೋ ಸಿಗುತ್ತವೆ,
ಉಟ್ಟವರಿಗೆ ತಿಳಿಯದ್ದು.

"ಆ ಕಿಟಕಿ ಮಂದಿದು ಮುಂದ ಏನಾತು?
ಆಮ್ಯಾಲೆ ತಿದ್ದುಪಡಿ ಅದಾವು ಅಂದಿದ್ದೆಲ್ಲ,
ಓದ."